ಹೆಸರು ಕೇಳಿದವಳು

ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಸಿಗ್ನೆ ರಕ್ತ ತುಂಬುವ ಖಾಲಿ ಕೊಳವೆಗಳಿಗೆ ಹೆಸರಿನ ಚೀಟಿ ಅಂಟಿಸಿಕೊಡುತ್ತಿದ್ದಳು. ಅವಳ ಕೈಕೆಳಗೆ ಕಲಿಯುತ್ತಿದ್ದ ಮೆಹ್ರೆತ್ ಒಂದನ್ನು ತೆಗೆದುಕೊಂಡು, ಕುರ್ಚಿಯಲ್ಲಿದ್ದ ಮುದುಕ ಓಡ್ವಾರನಿಗೆ, "ನಿಮ್ಮ ಹೆಸರು, ಹುಟ್ಟಿದ ದಿನ ಹೇಳಿ" ಎಂದಳು.

"ಹೋದ ವಾರಾನೂ ಕೇಳಿದ್ಯಲ್ಲ ಮಗಳೇ! ಈ ದ್ವೀಪದಲ್ಲಿ ನನ್ನ ಹೆಸರು ಕಡಲಹಕ್ಕಿಗೂ ಗೊತ್ತು."

"ನಮ್ಮ ಪಕ್ಕದ ಮನೆಯವ್ರು ಕಣೆ, ಸೂಜಿ ಹಾಕು," ಎಂದಳು ಸಿಗ್ನೆ. ಎರಿಟ್ರಿಯಾದಲ್ಲಿ ಓದಿ ಬಂದ ಮೆಹ್ರೆತ್‌ಗೆ ನಾರ್ವೆಯಲ್ಲಿ ಈ ಕೆಲಸದ ಪರವಾನಗಿ ಸಿಗಬೇಕಾದರೆ ಸಿಗ್ನೆಯ ಶಿಫಾರಸು ಪತ್ರ ಬೇಕಿತ್ತು. 'ಕೆಲಸ ಬಲು ನಿಧಾನ' ಎಂಬ ಸಾಲಿಗೆ ಬಂದು ಆ ಪತ್ರ ಮೂರು ತಿಂಗಳಿಂದ ನಿಂತುಬಿಟ್ಟಿತ್ತು.

ಮೆಹ್ರೆತ್ ಸೂಜಿ ಮುಟ್ಟಲಿಲ್ಲ. "ನೀವೇ ಹೇಳ್ಬೇಕು ಅಜ್ಜ."

"ಓಡ್ವಾರ್ ನೆಸ್. ನಲವತ್ತೆಂಟನೇ ಇಸವಿ, ಮಾರ್ಚ್ ಮೂರು. ಸಾಕಾ ತಾಯಿ?"

ಮೆಹ್ರೆತ್ ಕೊಳವೆಯನ್ನು ಮೆಲ್ಲನೆ ಸಿಗ್ನೆಯ ಕಡೆ ತಿರುಗಿಸಿದಳು. ಚೀಟಿಯಲ್ಲಿದ್ದದ್ದು ಹೊರಗೆ ಸರದಿಗೆ ಕಾದು ಕೂತಿದ್ದ ಓಡ್ವಾರನ ತಮ್ಮನ ಹೆಸರು. ಅಂಟಿಸಿದ್ದು ಮೂವತ್ತು ವರ್ಷ ಪಳಗಿದ ಸಿಗ್ನೆಯ ಕೈ. ಮೆಹ್ರೆತ್ ಸರಿಯಾದ ಕೊಳವೆಗಾಗಿ ಕೈಚಾಚಿ ನಿಂತಳು.

ಮಧ್ಯಾಹ್ನ ಕಾಫಿ ಆರಿಹೋಗುತ್ತಿದ್ದರೂ ಸಿಗ್ನೆ ಪತ್ರವನ್ನು ಹೊಸದಾಗಿ ಬರೆದಳು. ನಿಧಾನದ ಸಾಲಿದ್ದ ಜಾಗದಲ್ಲಿ, 'ಇಂದು ನಾನು ಮಾಡಿದ ತಪ್ಪನ್ನು ಇವಳು ತಡೆದಳು' ಎಂದು ಸೇರಿಸಿ ಸಹಿ ಹಾಕಿದಳು. ಆಮೇಲೆ ಕೋಟನ್ನೂ ತೊಡದೆ ಹೊರಗೆ ನಡೆದು, ಲಕೋಟೆಯನ್ನು ಅಂಚೆಡಬ್ಬಿಗೆ ಹಾಕಿದಳು.