ಎಪ್ಪತ್ತರ ಸಂಪುಟ

ಹೋದ ವಾರ ಆಸ್ಪತ್ರೆಯಿಂದ ನನ್ನ ಸ್ಕ್ಯಾನ್ ವರದಿ ತಂದವರು ಇವರೇ. "ಏನೂ ಇಲ್ಲ ಕಣೇ, ಸ್ವಲ್ಪ ಊತ ಅಷ್ಟೇ," ಎಂದು ಬೀರುವಿನೊಳಗಿಟ್ಟರು. ನಾನೂ ನಂಬಿದೆ.

ಇಂದು ಬೆಳಿಗ್ಗೆ ಅರುಂಧತಿ ಬಂದಳು. ನನ್ನ ಕೈಕೆಳಗೆ ಪಿಎಚ್‌ಡಿ ಮಾಡಿದವಳು, ಈಗ ನಾನಿದ್ದ ಭೌತಶಾಸ್ತ್ರ ವಿಭಾಗಕ್ಕೇ ಮುಖ್ಯಸ್ಥೆ.

"ಮೇಡಂ, ನಿಮ್ಮ ಗೌರವಕ್ಕೆ ಒಂದು ಸಂಪುಟ ತರ್ತಿದ್ದೀವಿ. ಅಯಸ್ಕಾಂತಗಳ ಬಗ್ಗೆ ನೀವು ಮಾಡಿದ ಕೆಲಸದ ಮೇಲೆ ಹನ್ನೆರಡು ಜನ ಬರೀತಿದ್ದಾರೆ."

ನಾನು ಒಳಗೊಳಗೇ ಹಿಗ್ಗಿದೆ. ಪ್ರಯೋಗಾಲಯದ ಮುಖ ನೋಡದೆ, ಮೂವತ್ತು ವರ್ಷ ಬರೀ ಕಾಗದ ಪೆನ್ಸಿಲ್ ಹಿಡಿದು ಕೂತವಳನ್ನು ಯಾರೋ ನೆನೆದರಲ್ಲ.

"ಅದನ್ನ ಎಪ್ಪತ್ತು ತುಂಬಿದಾಗ ತರೋದಲ್ವೇನೇ? ನನಗಿನ್ನೂ ಅರವತ್ತಾರು."

"ಈ ವರ್ಷ ಅನುದಾನ ಬಂದಿದೆ, ಮೇಡಂ."

"ವೈವಾದಲ್ಲೂ ಹೀಗೇ ನುಣುಚಿಕೊಂಡಿದ್ದೆ ನೀನು. ಲೇಖನ ಎಷ್ಟು ದಿನದಲ್ಲಿ ಕೊಡ್ಬೇಕು ಅವರು?"

"ಇಪ್ಪತ್ತು ದಿನ."

ನಗು ಬಂತು. "ಆ ಪೈಕಿ ಒಬ್ಬನಾದ್ರೂ ಹೇಳಿದ ದಿನಕ್ಕೆ ಏನನ್ನಾದ್ರೂ ಬರೆದುಕೊಟ್ಟಿದ್ದಾನಾ? ಒಪ್ಪಿದವರೆಷ್ಟು ಜನ?"

"ಎಲ್ಲರೂ."

"ಎಲ್ಲರೂನಾ?"

"ಫೋನಿನಲ್ಲೇ ಒಪ್ಪಿದ್ರು, ಮೇಡಂ."

ಅವಳು ನಗಲಿಲ್ಲ. ಅಡುಗೆಮನೆಯಲ್ಲಿ ಕಾಫಿ ಬೆರೆಸುತ್ತಿದ್ದ ಇವರ ಸದ್ದೂ ನಿಂತಿತು.

"ಇಷ್ಟು ಅವಸರ ಮಾಡು ಅಂತ ನಿನಗೆ ಹೇಳಿದ್ಯಾರು, ಅರುಂಧತಿ?"

ಅವಳು ಅಡುಗೆಮನೆಯ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು.

"ಸರ್ ಫೋನ್ ಮಾಡಿದ್ರು, ಮೇಡಂ. ಎರಡು ತಿಂಗಳು ದಾಟಿದ್ರೆ ಅದನ್ನ ನಿಮ್ಮ ಕೈಗೆ ಕೊಡೋಕಾಗಲ್ಲ ಅಂದ್ರು."