ಸಿಹಿ ತರಿಸದ ಮನೆಗಳು

ಫೋನು ಟಿಣ್ ಎಂದಾಗ ಇಬ್ತಿಸಾಮ್ ಯಾರೋ ನೆಂಟರ ಸಂತಾಪ ಇರಬೇಕೆಂದುಕೊಂಡಳು. ಗಂಡನನ್ನು ಮಣ್ಣು ಮಾಡಿ ಇನ್ನೂ ಒಂದು ದಿನ ಆಗಿರಲಿಲ್ಲ. ಅತ್ತು ಅತ್ತು ಕಣ್ಣು ಮಂಜಾಗಿದ್ದರಿಂದ ಫೋನನ್ನು ಪಕ್ಕದಲ್ಲಿದ್ದ ಅಕ್ಕನ ಮಗಳು ಸುಹಾದಳ ಕೈಗೆ ಕೊಟ್ಟು, "ಓದು ಮಗಳೇ, ಯಾರದು?" ಎಂದಳು. ಓದಲು ಬಾಯಿ ತೆರೆದ ಸುಹಾದ್ ಹಾಗೇ ಮುಚ್ಚಿಕೊಂಡಳು. ಆದರೆ ಬಗ್ಗಿ ನೋಡುತ್ತಿದ್ದ ನೆರೆಮನೆಯ ಹೆಂಗಸಿಗೆ ಅಷ್ಟು ಸಹನೆ ಎಲ್ಲಿಯದು? ಗಟ್ಟಿಯಾಗಿ ಓದಿಯೇಬಿಟ್ಟಳು: "ಮುಬಾರಕ್! ನಿಮ್ಮ ಮನೆಯ ಸಂಭ್ರಮದಲ್ಲಿ ನಾವೂ ಭಾಗಿ. ಒಂದು ತಟ್ಟೆ ಬಿಸಿ ಕುನಾಫ ಸಿಹಿ ಅರ್ಧ ಬೆಲೆಗೆ!"

ಹೆಂಗಸರ ಕೋಣೆಯಲ್ಲಿ ಕುರಾನ್ ಓದುತ್ತಿದ್ದ ದನಿ ನಿಂತಿತು. ಇಬ್ತಿಸಾಮ್ ಬಿಳಿಚಿದ ಮುಖವನ್ನು ಸುಹಾದಳ ಕಡೆ ತಿರುಗಿಸಿದಳು.

"ಇದು ನಿಮ್ಮ ಕಂಪನೀದೇ ಅಲ್ವೇನೇ? ನನ್ ಮಗ ಖೈಸ್ ನಿನ್ನೆ ಕಾಫಿ, ಖರ್ಜೂರ ಎಲ್ಲ ಅಲ್ಲಿಂದಲೇ ತರಿಸಿದ್ದು. ಯಾವ ಪಾಪಿ ಬರೆದ ಇದನ್ನ? ಅವನ ಮನೇಲಿ ಯಾರೂ ಸತ್ತೇ ಇಲ್ವಂತಾ?"

"ಮನುಷ್ಯರು ಬರೆದಿದ್ದಲ್ಲ ಚಿಕ್ಕಮ್ಮ, ಮೆಷೀನು," ಎಂದಳು ಸುಹಾದ್. ಹೇಳಿದ್ದು ಅರ್ಧ ನಿಜ. ಉಳಿದರ್ಧ ಹೇಳದೆ ಅವಳು ಅಡುಗೆಮನೆಗೆ ಎದ್ದು ಹೋದಳು.

ಮನೆಮನೆಗೆ ದಿನಸಿ ತಲುಪಿಸುವ ಆ ಕಂಪನಿಯಲ್ಲಿ, ಯಾರು ಏನು ಕೊಂಡರು ಎಂದು ಲೆಕ್ಕ ಹೆಕ್ಕಿ ಕೊಡುವ ಟೂಲುಗಳು ಹತ್ತಾರು. ಅವುಗಳಲ್ಲಿ ಒಂದು, ಒಮ್ಮೆಲೇ ರಾಶಿ ಕಾಫಿ, ಖರ್ಜೂರ, ಕಾಗದದ ಲೋಟ ತರಿಸಿದ ಮನೆಗಳನ್ನು ಹುಡುಕುತ್ತಿತ್ತು. ಮೊದಲು ಅದನ್ನು ಮನುಷ್ಯರು ನೋಡುತ್ತಿದ್ದರು. ಜೊತೆಗೆ ಸಿಹಿಯೂ ಇದ್ದರೆ ಮದುವೆ, ಸಿಹಿ ಇಲ್ಲದಿದ್ದರೆ ಸಾವು. ಇದು ಈ ಅಮ್ಮಾನ್ ಊರಿನ ಮಕ್ಕಳಿಗೂ ಗೊತ್ತು. ಈಗ ಆ ಕೆಲಸ, ತಾನೇ ನಿರ್ಧರಿಸಿ ಸಂದೇಶ ಕಳಿಸುವ ಎಐ ಏಜೆಂಟಿನದು. ಯಾವ ಟೂಲನ್ನು ಯಾವಾಗ ಬಳಸಬೇಕೆಂದು ಅದಕ್ಕೆ ಅರ್ಥವಾಗುವಂತೆ ಬರೆದಿಡುವುದು ಸುಹಾದಳ ಕೆಲಸ. ಅವಳು ಬರೆದಿದ್ದಳು: "ಸಮಾರಂಭ ಇರುವ ಮನೆಗಳನ್ನು ಹುಡುಕಲು ಇದನ್ನು ಬಳಸು." ಅಷ್ಟೇ. ಊರಿಗೇ ಗೊತ್ತಿರುವುದನ್ನು ಯಾರಾದರೂ ಬಿಡಿಸಿ ಬರೆಯುತ್ತಾರೆಯೇ? ಏಜೆಂಟು ಆ ಊರಿನದಲ್ಲ ಎಂಬುದು ಅವಳಿಗೆ ಹೊಳೆದಿರಲೇ ಇಲ್ಲ.

ಅಡುಗೆಮನೆಯಲ್ಲಿ ನಿಂತೇ ಲ್ಯಾಪ್‌ಟಾಪ್ ತೆರೆದು, ಈ ಸಲ ಒಂದನ್ನೂ ಬಿಡದೆ ಬರೆದಳು. ಸಿಹಿ ಇಲ್ಲದ ಕಾಫಿ ಎಂದರೇನು, ಖರ್ಜೂರ ಯಾವಾಗ ಯಾವುದಕ್ಕೆ, ಸಾವಿನ ಮನೆಯವರು ಮೂರು ದಿನ ಯಾಕೆ ಬಾಗಿಲು ತೆರೆದಿಡುತ್ತಾರೆ. ಕೊನೆಗೆ: "ಇಂಥ ಮನೆಗೆ ಏನನ್ನೂ ಕಳಿಸಬೇಡ. ಸುಮ್ಮನಿರು." ಇನ್ನೊಂದು ಮನೆಗಾದರೂ ಈ ಅವಮಾನ ತಪ್ಪಲಿ ಎಂದು ಮ್ಯಾನೇಜರ್ ನಿಡಾಲನಿಗೆ ಕಳಿಸಿದಳು.

ಅವನ ಫೋನು ಕೂಡಲೇ ಬಂತು. "ನಿಮ್ಮ ಚಿಕ್ಕಪ್ಪನ ವಿಷಯ ಕೇಳಿದೆ, ಅಲ್ಲಾಹು ಕರುಣೆ ತೋರಲಿ. ಬರೋಕಾಗಲಿಲ್ಲ. ಅಂದಹಾಗೆ ಏನ್ ಬರೆದಿದೀಯಮ್ಮಾ! ಚಿನ್ನ! ಸಾವಿನ ಮನೆ ಹೀಗೆ ಕರಾರುವಾಕ್ಕಾಗಿ ಸಿಗುತ್ತೆ ಅಂತ ಗೊತ್ತೇ ಇರಲಿಲ್ಲ. ಕೊನೇ ಸಾಲು ಮಾತ್ರ ತೆಗಿ. ಸಂತಾಪ ಹೇಳು, ಆಮೇಲೆ ಕಾಫಿ, ಲೋಟ, ಬಾಡಿಗೆ ಕುರ್ಚಿ ತೋರಿಸು ಅಂತ ಹಾಕು."

"ಉಸ್ತಾದ್, ಇದು ಉರಿಯೋ ಮನೇಲಿ ಗಳ ಹಿರಿಯೋ ಕೆಲಸ."

"ಅವರಿಗೆ ಕಾಫಿ ಬೇಡ್ವಾ? ಬಂದೋರಿಗೆ ನೀರು ಕುಡಿಸ್ತಾರಾ?"

"ಏಜೆಂಟನ್ನೇ ಎರಡು ದಿನ ನಿಲ್ಸಿ ಹಾಗಾದ್ರೆ."

"ನಿಲ್ಸೋಕೆ ನಾನ್ಯಾರು? ಮೇಲಿನವರು ಕೇಳ್ತಾರಾ? ನೀನು ಬರೆದುಕೊಡೋವರೆಗೂ ಅದು ಹಳೇದನ್ನೇ ಓದಿಕೊಂಡು ಸಿಕ್ಕಸಿಕ್ಕ ಸಾವಿನ ಮನೆಗೆಲ್ಲ ಮುಬಾರಕ್ ಹೇಳ್ತಾ ಇರುತ್ತೆ. ಯಾವುದು ವಾಸಿ, ನೀನೇ ಹೇಳು ಮಗಳೇ."

ಪಕ್ಕದ ಕೋಣೆಯಲ್ಲಿ ಚಿಕ್ಕಮ್ಮ, ಹೊಸದಾಗಿ ಬಂದ ಯಾರಿಗೋ ಆ ಕುನಾಫದ ಕಥೆ ಹೇಳಿಕೊಂಡು ಮತ್ತೆ ಅಳುತ್ತಿದ್ದಳು. ಸುಹಾದ್ ಕೊನೆಯ ಸಾಲನ್ನು ಅಳಿಸಿದಳು. ಬರೆಯುವುದೇ ಆದರೆ ಸರಿಯಾಗಿ ಬರೆಯಬೇಕು ಎಂಬ ಹಾಳು ಅಭ್ಯಾಸ ಬೇರೆ. ಸಂತಾಪದಲ್ಲಿ ಸತ್ತವರನ್ನು ಹೇಗೆ ಕರೆಯಬೇಕು, ಯಾವ ಮಾತು ಮೊದಲು ಬರಬೇಕು, ವ್ಯಾಪಾರದ ಮಾತು ಎಷ್ಟು ಕೆಳಗೆ ಬಂದರೆ ಚುಚ್ಚುವುದಿಲ್ಲ, ಎಲ್ಲವನ್ನೂ ತಾನು ಕೇಳಿ ಬೆಳೆದ ಮಾತುಗಳಲ್ಲೇ ಬಿಡಿಸಿಟ್ಟಳು. ತನ್ನ ಮೇಲೇ ಅವಳಿಗೆ ಅಸಹ್ಯವಾಯಿತು.

ಮೂರನೆಯ ದಿನ ಮನೆಯಲ್ಲಿ ಕಾಫಿ ಮುಗಿಯುತ್ತ ಬಂದಿತ್ತು. ಫೋನು ಸದ್ದು ಮಾಡಿತು. ಈ ಸಲ ಇಬ್ತಿಸಾಮ್ ಯಾರ ಕೈಗೂ ಕೊಡದೆ ಕನ್ನಡಕ ಹಾಕಿಕೊಂಡು ತಾನೇ ಓದಿದಳು. "ಅಲ್ಲಾಹು ನಿಮ್ಮ ಸಹನೆಗೆ ದೊಡ್ಡ ಪ್ರತಿಫಲ ಕೊಡಲಿ. ಹೋದವರ ಗೋರಿ ಬೆಳಕಾಗಿರಲಿ. ನಿಮ್ಮ ಬಾಗಿಲಿಗೆ ಬಂದವರು ಬರಿಗೈಲಿ ಹೋಗದಿರಲಿ..." ಓದುತ್ತ ಓದುತ್ತ ಅವಳ ದನಿ ಒಡೆಯಿತು. ಫೋನನ್ನು ಎದೆಗೊತ್ತಿಕೊಂಡು ಸುಹಾದಳ ಕಡೆ ತಿರುಗಿದಳು.

"ನೋಡಿದ್ಯಾ? ಅವತ್ತು ಬಂದಿದ್ದು ಮೆಷೀನಿಂದು. ಇದನ್ನ ಯಾರೋ ಕರುಳಿರೋರೇ ಕೂತು ಬರೆದಿದಾರೆ. ನಮ್ಮೋರೇ ಎಷ್ಟೋ ಜನ ಇಷ್ಟು ಮಾತಾಡಲಿಲ್ಲ ನನ್ ಹತ್ರ." ತಲೆವಸ್ತ್ರದ ತುದಿಯಲ್ಲಿ ಕಣ್ಣೊರೆಸಿಕೊಂಡು ಮಗನನ್ನು ಕೂಗಿದಳು: "ಖೈಸ್, ಕಾಫಿ ಮುಗೀತಾ ಬಂತು ಕಣೋ. ಇವರ ಹತ್ರಾನೇ ತರಿಸು, ಬೇರೆ ಎಲ್ಲೂ ಬೇಡ."