ಒಂದು ಬಿಲ್ಲೆ ಕಡಿಮೆ

ಪರೀಕ್ಷಕ ತೂಕದ ಬಿಲ್ಲೆಗಳಲ್ಲಿ ಒಂದನ್ನು ತೆಗೆದು ಜೇಬಿಗೆ ಇಳಿಸಿ, ಯಂತ್ರದ ಗುಂಡಿ ಒತ್ತಿದ. ಕಬ್ಬಿಣದ ಕಡ್ಡಿ ತಿರುಗತೊಡಗಿತು. ಯಾರೂ ನೋಡಿರಲಿಲ್ಲ. ಆದರೂ ಅವನ ಕಿವಿ ಬಿಸಿಯಾಯಿತು.

ಕಬ್ಬಿಣದ ತಾಳ್ಮೆ ಪರೀಕ್ಷಿಸುವುದೇ ಅವನ ಕಸುಬು. ಗಟ್ಟಿಯಾಗಲೆಂದು ದುಬಾರಿ ನಿಕಲ್ ಬೆರೆಸಿದ ಎರಕದ ಕಡ್ಡಿಗೆ ತೂಕ ನೇತುಹಾಕಿ ತಿರುಗಿಸಬೇಕು. ತಂತಿಯನ್ನು ಅತ್ತಿತ್ತ ಬಗ್ಗಿಸುತ್ತಿದ್ದರೆ ದಣಿದು ತುಂಡಾಗುತ್ತದಲ್ಲ, ಹಾಗೆ. ನಿಗದಿಯಾದಷ್ಟು ಸುತ್ತು ತಡೆದರೆ ಅದೇ ಕಬ್ಬಿಣದಲ್ಲಿ ಹೊಯ್ದ ಬಸ್ಸಿನ ಹಬ್‌ಗಳು, ಅಂದರೆ ಚಕ್ರ ಕೂರುವ ಗುಂಬಗಳು, ಲಾರಿ ಹತ್ತಬಹುದು. ತಡೆಯದಿದ್ದರೆ ಎಲ್ಲವೂ ಗುಜರಿಗೆ.

ಎಳೆದು ನೋಡಿದಾಗ ಈ ಎರಕ ಜಟ್ಟಿಯ ಹಾಗೆ ನಿಂತಿತ್ತು. ತಿರುಗಿಸಲು ಹಾಕಿದ ಮೊದಲ ಕಡ್ಡಿ ಮಾತ್ರ ಲೋಟದ ಚಹಾ ಆರುವುದರೊಳಗೆ ಪಟ್ಟೆಂದಿತು. ಅದನ್ನು ಡಬ್ಬಿಗೆ ಎಸೆದು, ಎರಡನೆಯದಕ್ಕೆ ಭಾರ ಕಡಿಮೆ ಮಾಡಿದ್ದ.

ಬೇರೆಯವರ ಕಬ್ಬಿಣವಾಗಿದ್ದರೆ ಮುಲಾಜೇ ಇರುತ್ತಿರಲಿಲ್ಲ. "ಹೆತ್ತಪ್ಪ ಬಂದರೂ ಪಾಸು ಮಾಡೋನಲ್ಲ" ಎಂದು ಎರಕದ ಕಾರ್ಖಾನೆಗಳವರು ಅವನನ್ನು ಬೈಯುತ್ತಿದ್ದರು. ಆದರೆ ಇದನ್ನು ಕರಗಿಸಿದವನು ಅಣ್ಣ. ಅಪ್ಪ ಸತ್ತ ಮೇಲೆ ಕುಲುಮೆಯ ಮುಂದೆ ಬೆಂದು ಇವನನ್ನು ಓದಿಸಿದವನು. ಕಡ್ಡಿಗಳನ್ನು ತಾನೇ ತಂದು ಕೈಗಿಟ್ಟು, "ನೀನೇ ನೋಡ್ಬೇಕು, ಬೇರೆ ಯಾರಿಗೂ ಕೊಡ್ಬೇಡ. ನನ್ನ ಕೆಲಸ ಇದರ ಮೇಲೇ ನಿಂತಿದೆ ಕಣೋ" ಎಂದಿದ್ದ. ಅಷ್ಟು ಹೇಳಿದ ಮೇಲೂ ಅರ್ಥವಾಗದಿರಲು ಇವನೇನು ಎಳೆಮಗುವೇ?

ಮಾರನೆಯ ದಿನ ಅಣ್ಣ ಫೋನ್ ಮಾಡಿದ. "ಇನ್ನೂ ಮುರಿದಿಲ್ವಾ?"

"ಇಲ್ಲ ಅಣ್ಣ."

"ತೂಕ ಪೂರ್ತಿ ಹಾಕಿದ್ದೀಯ ತಾನೇ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ; ಇವನು ಜೇಬು ಮುಟ್ಟಿ ನೋಡಿಕೊಂಡ. "ಹಾಕಿದ್ದೀನಿ" ಎಂದ. ಅಣ್ಣನಿಗೆ ಹೇಳಿದ ಮೊದಲ ಸುಳ್ಳು ಅದು.

ಅಂದು ಬಸ್ಸು ಹತ್ತಲು ಮನಸ್ಸು ಬರಲಿಲ್ಲ. ನಡೆದೇ ಮನೆಗೆ ಹೊರಟ. ಪಕ್ಕದಲ್ಲಿ ಹಾದುಹೋದ ಬಸ್ಸಿನ ಗಾಜಿಗೆ ಮೂಗು ಒತ್ತಿಕೊಂಡಿದ್ದ ಮಗುವೊಂದು ಇವನನ್ನೇ ನೋಡಿತು. ನಾಚಿಕೆಯಿಂದ ತಲೆ ತಗ್ಗಿಸಿದ. ಬೆಳಿಗ್ಗೆ ಹೋದವನೇ ಬಿಲ್ಲೆ ಹಾಕಿಬಿಡುತ್ತೇನೆ ಎಂದು ಮನಸ್ಸಿನಲ್ಲೇ ಆಣೆ ಮಾಡಿದ. ಬೆಳಿಗ್ಗೆ ಯಂತ್ರದ ಮುಂದೆ ನಿಂತಾಗ ಅಣ್ಣನ ಸುಟ್ಟ ಅಂಗೈಗಳು ನೆನಪಾದವು. ಹಾಕಲಿಲ್ಲ.

ಕಡ್ಡಿ ಗೆದ್ದಿತು. ಪರೀಕ್ಷಕ ಸಹಿ ಹಾಕಿದ. ಮಧ್ಯಾಹ್ನದ ಹೊತ್ತಿಗೆ ಹಬ್‌ಗಳನ್ನು ತುಂಬಿಕೊಂಡ ಮೊದಲ ಲಾರಿ ಹೊರಟೇಬಿಟ್ಟಿತು.

ಸಂಜೆ ಅಣ್ಣ ಪ್ರಯೋಗಶಾಲೆಗೆ ಬಂದು ಸ್ಟೂಲಿನ ಮೇಲೆ ಕುಳಿತ. ಯಂತ್ರವನ್ನು ಬಹಳ ಹೊತ್ತು ನೋಡಿದ.

"ಪಾಸಾಯ್ತಂತೆ?"

"ಆಯ್ತಲ್ಲ. ಇನ್ನು ನಿನ್ನ ಕೆಲಸಕ್ಕೇನೂ ಭಯವಿಲ್ಲ ಬಿಡು."

ಅಣ್ಣ ಎದ್ದು ತಮ್ಮನ ಭುಜದ ಮೇಲೆ ಕೈಯಿಟ್ಟ. ಆ ಕೈಯಲ್ಲಿ ಸಂಶಯವಾಗಲಿ ಕೋಪವಾಗಲಿ ಇರಲಿಲ್ಲ.

"ನಿಕಲ್ ಉಳಿಸೋಕೆ ಹೋಗಿ ಜನರನ್ನ ಕೊಲ್ತೀರಿ, ಬೇಕಾದ್ರೆ ನನ್ನ ತಮ್ಮನ ಹತ್ರ ಪರೀಕ್ಷೆ ಮಾಡಿಸಿ, ಮುರಿಯದಿದ್ರೆ ಕೆಲಸಾನೇ ಬಿಡ್ತೀನಿ ಅಂತ ಯಜಮಾನರ ಹತ್ರ ಪಂತ ಕಟ್ಟಿದ್ದೆ ಕಣೋ, ನೀನೇ ಗಟ್ಟಿ ಅಂದ್ಮೇಲೆ ತಪ್ಪು ನಂದೇ, ಬಿಟ್ಟು ಬಂದೆ."